ಒಂದು ಲಾಗಿನ್, ನೂರು ಬಾಗಿಲು

2024ರ ಸೆಪ್ಟೆಂಬರ್ 1ರ ಭಾನುವಾರ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಸಂಸ್ಥೆಯ ಕಂಪ್ಯೂಟರುಗಳಲ್ಲಿ ಯಾರೋ ಹೊಕ್ಕಿರುವುದು ಪತ್ತೆಯಾಯಿತು. ಟ್ಯೂಬ್ ರೈಲು ಓಡಿತು, ಬಸ್ಸೂ ಓಡಿತು. ಆದರೆ ಅರುವತ್ತು ತುಂಬಿದವರ ಓಯ್ಸ್ಟರ್ ಫೋಟೋಕಾರ್ಡಿಗೂ ಮಕ್ಕಳ ಜಿಪ್ ಕಾರ್ಡಿಗೂ ಅರ್ಜಿ ತೆಗೆದುಕೊಳ್ಳುವುದು ನಿಂತಿತು. ಸುಮಾರು 5,000 ಗ್ರಾಹಕರ ಬ್ಯಾಂಕ್ ವಿವರ ಕಳ್ಳರ ಕಣ್ಣಿಗೆ ಬಿದ್ದಿರಬಹುದೆಂದು ಸಂಸ್ಥೆಯೇ ಹೇಳಿತು. ಇವೆಲ್ಲಕ್ಕಿಂತ ನನ್ನ ಗಮನ ಸೆಳೆದದ್ದು ಇನ್ನೊಂದು ಸುದ್ದಿ. ಸಂಸ್ಥೆಯ ಸುಮಾರು 30,000 ನೌಕರರೂ ಸರದಿಯ ಪ್ರಕಾರ ಖುದ್ದಾಗಿ ಬಂದು, ತಾವೇ ತಾವೆಂದು ತೋರಿಸಿ, ಹೊಸ ಪಾಸ್‌ವರ್ಡ್ ಪಡೆಯಬೇಕಾಯಿತು. ಜಗತ್ತಿನ ದೊಡ್ಡ ಸಾರಿಗೆ ಸಂಸ್ಥೆಗಳಲ್ಲೊಂದು ಕೊನೆಗೆ ನೆಚ್ಚಿಕೊಂಡದ್ದು ಮುಖ ನೋಡಿ ಗುರುತು ಹಿಡಿಯುವ ಹಳೆಯ ಪದ್ಧತಿಯನ್ನೇ.

ಈಗ ಎಲ್ಲ ಕಚೇರಿಗಳೂ ಒಂದೇ ಕಡೆಗೆ ಹೊರಟಿವೆ. ಹತ್ತಾರು ಪಾಸ್‌ವರ್ಡುಗಳ ಬದಲು ಒಂದು ಲಾಗಿನ್, ಅದನ್ನು ನೋಡಿಕೊಳ್ಳಲು ಕ್ಲೌಡಿನಲ್ಲಿ ಕುಳಿತ ಒಂದು ಐಡೆಂಟಿಟಿ ಪ್ರೊವೈಡರ್. ಮೈಕ್ರೋಸಾಫ್ಟಿನ ಎಂಟ್ರಾ, ಓಕ್ಟಾ, ಗೂಗಲ್ ಇವು ಆ ಪೈಕಿ ಹೆಸರಾದವು. ನಾನು ಕಂಪ್ಯೂಟರ್ ತಜ್ಞನಲ್ಲ. ಆದರೆ ಆಸ್ಪತ್ರೆಯ ಕೆಲಸದಲ್ಲಿ ಈ ವ್ಯವಸ್ಥೆಯ ಹಲವು ಅವತಾರಗಳನ್ನು ಬಳಸಿದ್ದೇನೆ, ಬೈದಿದ್ದೇನೆ. ಈ ಬಗ್ಗೆ ನನ್ನದೊಂದು ತಕರಾರೂ ಇದೆ.

ಮೊದಲು ಇದು ಹೇಗೆ ನಡೆಯುತ್ತದೆಂದು ನಮ್ಮ ರಾಜ್ಯೋತ್ಸವದ ಉದಾಹರಣೆಯಿಂದಲೇ ಹೇಳುತ್ತೇನೆ. ಸಭಾಂಗಣದ ಬಾಗಿಲಲ್ಲಿ ಒಂದು ಮೇಜು. ಅಲ್ಲಿ ನಮ್ಮ ಹೆಸರನ್ನು ಪಟ್ಟಿಯಲ್ಲಿ ನೋಡಿ ಕೈಗೊಂದು ಕಾಗದದ ಪಟ್ಟಿ ಕಟ್ಟುತ್ತಾರೆ. ಆಮೇಲೆ ಊಟದ ಮನೆಯಲ್ಲಾಗಲಿ ಮಕ್ಕಳ ಕೋಣೆಯಲ್ಲಾಗಲಿ ಯಾರೂ ಹೆಸರು ಕೇಳುವುದಿಲ್ಲ, ಕೈ ನೋಡಿ ಒಳಗೆ ಬಿಡುತ್ತಾರೆ. ಮೇಜಿನ ಹಿಂದೆ ಕುಳಿತವರು ಐಡೆಂಟಿಟಿ ಪ್ರೊವೈಡರ್. ಕೈಗೆ ಕಟ್ಟಿದ್ದು ಟೋಕನ್. ಊಟದ ಮನೆಯ ಸ್ವಯಂಸೇವಕರು ಅಪ್ಲಿಕೇಶನ್. ಯಾರಿಗೆ ಯಾವ ಕೋಣೆಗೆ ಪ್ರವೇಶ ಎಂಬುದು ಬೇರೆ ಪ್ರಶ್ನೆ. ಕೈಪಟ್ಟಿ ಇದ್ದ ಮಾತ್ರಕ್ಕೆ ಖಜಾಂಚಿಯ ಪೆಟ್ಟಿಗೆ ತೆರೆಯುವಂತಿಲ್ಲ. ಇನ್ನು, ಬೇರೊಂದು ಊರಿನ ಕನ್ನಡ ಸಂಘದವರು ತಮ್ಮದೇ ಬಣ್ಣದ ಪಟ್ಟಿ ಕಟ್ಟಿಕೊಂಡು ಬಂದರೆ? ‘ಆ ಬಣ್ಣವೂ ನಡೆಯುತ್ತದೆ’ ಎಂದು ಎರಡು ಸಂಘಗಳೂ ಮೊದಲೇ ಮಾತಾಡಿಕೊಂಡಿರಬೇಕು. ಹಲವು ಪ್ರೊವೈಡರುಗಳನ್ನು ಒಂದೇ ವ್ಯವಸ್ಥೆಗೆ ಜೋಡಿಸುವುದು ಎಂದರೆ ಸುಮಾರಾಗಿ ಇಷ್ಟೇ. ಕಷ್ಟವೆಲ್ಲ ಆ ಮಾತುಕತೆಯಲ್ಲಿದೆ.

ಎನ್‌ಎಚ್‌ಎಸ್ ವಿಷಯಕ್ಕೆ ಬರುತ್ತೇನೆ. 2020ರ ಜನವರಿಯಲ್ಲಿ ಸರ್ಕಾರ ಲಾಗಿನ್ ಸಮಯ ಕಡಿಮೆ ಮಾಡಲು 4 ಕೋಟಿ ಪೌಂಡ್ ಪ್ರಕಟಿಸಿತು. ಕೆಲವು ಸಿಬ್ಬಂದಿ ಒಂದು ಪಾಳಿಯಲ್ಲಿ 15 ಬೇರೆ ಬೇರೆ ವ್ಯವಸ್ಥೆಗಳಿಗೆ ಲಾಗಿನ್ ಆಗಬೇಕಾಗುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಮಾದರಿಯಾಗಿ ತೋರಿಸಿದ್ದು ಲಿವರ್‌ಪೂಲಿನ ಆಲ್ಡರ್ ಹೇ ಮಕ್ಕಳ ಆಸ್ಪತ್ರೆಯನ್ನು. ಅಲ್ಲಿ ಸಿಂಗಲ್ ಸೈನ್-ಆನ್ ಬಂದ ಮೇಲೆ 1 ನಿಮಿಷ 45 ಸೆಕೆಂಡು ಹಿಡಿಯುತ್ತಿದ್ದ ಕೆಲಸ 10 ಸೆಕೆಂಡಿಗೆ ಇಳಿಯಿತು. ದಿನಕ್ಕೆ ಹತ್ತಿರ ಹತ್ತಿರ 5,000 ಲಾಗಿನ್, ಆದ್ದರಿಂದ ದಿನವೊಂದಕ್ಕೆ 130 ಗಂಟೆಗೂ ಹೆಚ್ಚು ಉಳಿತಾಯ. ಲೆಕ್ಕ ಮಾಡಿ ನೋಡಿದೆ, 95 ಸೆಕೆಂಡನ್ನು 5,000ದಿಂದ ಗುಣಿಸಿದರೆ ಸರಿಯಾಗಿಯೇ ಇದೆ. ಒಂದೂಮುಕ್ಕಾಲು ನಿಮಿಷ ಏನು ಮಹಾ ಎಂದು ಕೇಳುವವರು ತುರ್ತು ವಿಭಾಗದಲ್ಲಿ ಒಂದು ರಾತ್ರಿ ನಿಂತು ನೋಡಬೇಕು.

ನನ್ನ ತಕರಾರು ಇರುವುದು ಅಳತೆಗೋಲಿನ ಬಗ್ಗೆ. ಲಾಗಿನ್ ವ್ಯವಸ್ಥೆಯನ್ನು ಸೆಕೆಂಡಿನಲ್ಲಿ ಅಳೆದರೆ ಅದು ಯಾವುದಕ್ಕಾಗಿ ಇದೆಯೋ ಅದೇ ಅಳತೆಗೆ ಸಿಗುವುದಿಲ್ಲ. ಇದನ್ನು ನಾನು ಕಲಿತದ್ದು ಎನ್‌ಎಚ್‌ಎಸ್ ಸ್ಮಾರ್ಟ್‌ಕಾರ್ಡ್ ಹೊಸದಾಗಿ ಬಂದ ಕಾಲದಲ್ಲಿ. ಭಾವಚಿತ್ರ, ಚಿಪ್ಪು, ಪಾಸ್‌ಕೋಡ್ ಎಲ್ಲ ಇದ್ದ ಕಾರ್ಡು. ಅದನ್ನು ಕೀಬೋರ್ಡಿಗೆ ತೂರಿಸಿದರೆ ನಮ್ಮ ಹುದ್ದೆಗೆ ತಕ್ಕ ಪುಟಗಳು ತೆರೆಯಬೇಕು. ತೆರೆಯುತ್ತಿದ್ದವು, ನಿಧಾನವಾಗಿ. ಹಾಗಾಗಿ ಪಾಳಿಯ ಆರಂಭದಲ್ಲಿ ಒಬ್ಬರು ಕಾರ್ಡು ತೂರಿಸಿದರೆ ಉಳಿದವರೆಲ್ಲ ಅದರ ಮೇಲೆಯೇ ಕೆಲಸ ಮಾಡುತ್ತಿದ್ದೆವು. ಒಂದು ಶನಿವಾರ ರಾತ್ರಿ ನಾನು ಒಬ್ಬ ವೃದ್ಧರಿಗೆ ರಕ್ತ ಪರೀಕ್ಷೆ ಬರೆದೆ. ಕಾರ್ಡು ಆಗಲೇ ಮನೆಗೆ ಹೋಗಿದ್ದ ರಿಜಿಸ್ಟ್ರಾರ್ ಒಬ್ಬರದು. ಪೊಟ್ಯಾಸಿಯಮ್ ಅಪಾಯದ ಮಟ್ಟಕ್ಕೆ ಏರಿತ್ತು. ಲ್ಯಾಬಿನವರು ಫಲಿತಾಂಶ ತಿಳಿಸಲು ಕೋರಿಕೆಯಲ್ಲಿದ್ದ ಹೆಸರಿನ ವೈದ್ಯರನ್ನು ಹುಡುಕಿದರು, ಅವರು ಸಿಗಲಿಲ್ಲ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಪುಣ್ಯಕ್ಕೆ ಆ ಹಿರಿಯರಿಗೆ ಏನೂ ಆಗಲಿಲ್ಲ. ಮರುದಿನ ಆ ರಿಜಿಸ್ಟ್ರಾರ್ ತಾವು ಕಣ್ಣಲ್ಲೂ ನೋಡದ ರೋಗಿಯ ಬಗ್ಗೆ ಲಿಖಿತ ವಿವರಣೆ ಕೊಡಬೇಕಾಯಿತು. ‘ಬರೆದವನು ನಾನು’ ಎಂದು ಹೋಗಿ ಹೇಳಿಕೊಂಡೆ. ಹೇಳಿಕೊಳ್ಳದಿದ್ದರೆ ದಾಖಲೆಯಲ್ಲಿ ನಾನು ಇರುತ್ತಲೇ ಇರಲಿಲ್ಲ. ಇದು ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. ತುರ್ತು ವಿಭಾಗದಲ್ಲಿ ಕಾರ್ಡು ಹಂಚಿಕೊಳ್ಳುವುದಕ್ಕೆ ಆಸ್ಪತ್ರೆಯ ಆಡಳಿತವೇ ಒಪ್ಪಿಗೆ ಕೊಟ್ಟ ಪ್ರಸಂಗ 2007ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು.

ಅಂದರೆ ನಿಧಾನವಾದ ಭದ್ರತೆ ಭದ್ರತೆಯೇ ಅಲ್ಲ. ಆ ಮಟ್ಟಿಗೆ 2020ರ ಘೋಷಣೆ ಸರಿ. ಆದರೆ ವೇಗ ಬಂದ ಮೇಲೆ ಕೇಳಬೇಕಾದದ್ದು ಬೇರೆ ಇದೆ: ಯಾರು ಏನು ಮಾಡಿದರು ಎಂಬುದು ಅವರವರ ಹೆಸರಿನಲ್ಲೇ ಉಳಿಯಿತೇ? ಈ ಪ್ರಶ್ನೆಯನ್ನು ನಮ್ಮ ಕರ್ನಾಟಕ ಇಪ್ಪತ್ತು ವರ್ಷಕ್ಕೂ ಹಿಂದೆ ಕೇಳಿತ್ತು ಎಂಬುದು ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು. ಅಲ್ಲಿ ಉದ್ದೇಶ ವೇಗವಾಗಿರಲಿಲ್ಲ. ಜಮೀನಿನ ಖಾತೆ ಬದಲಾಯಿಸಿದ ಅಧಿಕಾರಿ ‘ಯಾರೋ ನನ್ನ ಪಾಸ್‌ವರ್ಡ್ ಕದ್ದರು’ ಎಂದು ಜಾರಿಕೊಳ್ಳಬಾರದು ಎಂಬುದಾಗಿತ್ತು.

ಎನ್‌ಎಚ್‌ಎಸ್ ಈಗ ಸಿಬ್ಬಂದಿಯ ಗುರುತಿಗೆ ಕೇರ್ ಐಡೆಂಟಿಟಿ ಸರ್ವಿಸ್ 2 ಎಂಬುದನ್ನು ತಂದಿದೆ. ಸ್ಮಾರ್ಟ್‌ಕಾರ್ಡಿನ ಜೊತೆಗೆ ವಿಂಡೋಸ್ ಹಲೋ, ಯುಎಸ್‌ಬಿ ಕೀ, ಐಪ್ಯಾಡ್ ಇವುಗಳಿಂದಲೂ ಗುರುತು ತೋರಿಸಬಹುದು. ಹಲವು ದಾರಿಯಿಂದ ಬಂದವರನ್ನು ಒಂದೇ ಹೆಬ್ಬಾಗಿಲಿಗೆ ತರುವ ಈ ಯೋಚನೆ ನನಗೆ ಒಪ್ಪಿಗೆ. ಎರಡನೆಯ ಪುರಾವೆಯೂ ಬೇಕೇ ಬೇಕು. 2022ರ ಆಗಸ್ಟಿನಲ್ಲಿ ಅಡ್ವಾನ್ಸ್ಡ್ ಎಂಬ ಸಾಫ್ಟ್‌ವೇರ್ ಕಂಪನಿಯ ಮೇಲೆ ದಾಳಿಯಾಗಿ 111 ಸೇವೆ ಅಸ್ತವ್ಯಸ್ತವಾದದ್ದು ಹಲವರಿಗೆ ನೆನಪಿರಬಹುದು. ಕಳ್ಳರು ಒಳಬಂದದ್ದು ಎರಡನೆಯ ಪುರಾವೆ ಕೇಳದ ಒಂದು ಖಾತೆಯಿಂದ. 79,404 ಜನರ ಮಾಹಿತಿ ಹೋಯಿತು. ಅದರಲ್ಲಿ, ಮನೆಯಲ್ಲೇ ಆರೈಕೆ ಪಡೆಯುತ್ತಿದ್ದ 890 ಜನರ ಮನೆಯೊಳಗೆ ಹೇಗೆ ಹೋಗಬೇಕೆಂಬ ವಿವರವೂ ಇತ್ತು. 2025ರ ಮಾರ್ಚಿನಲ್ಲಿ ಮಾಹಿತಿ ಆಯುಕ್ತರ ಕಚೇರಿ ಕಂಪನಿಗೆ 30.7 ಲಕ್ಷ ಪೌಂಡ್ ದಂಡ ಹಾಕಿತು. ಫೋನಿಗೆ ಬರುವ ಕೋಡು ಕಿರಿಕಿರಿ ಎನ್ನುವವರು ಆ 890 ಬಾಗಿಲುಗಳನ್ನು ನೆನೆಯಲಿ.

ಇನ್ನು ಪ್ರಜೆಗಳ ಲಾಗಿನ್. ಇಲ್ಲಿ ನನ್ನ ಟೀಕೆ ಖಾರವಾಗಿಯೇ ಇದೆ. 2016ರಲ್ಲಿ ಸರ್ಕಾರ ಗವ್.ಯುಕೆ ವೆರಿಫೈ ಎಂಬುದನ್ನು ತೆರೆಯಿತು. ಪ್ರಜೆಯ ಗುರುತನ್ನು ಸರ್ಕಾರ ತಾನೇ ಪರಿಶೀಲಿಸದೆ ಪೋಸ್ಟ್ ಆಫೀಸ್, ಬಾರ್ಕ್ಲೇಸ್, ಎಕ್ಸ್‌ಪೀರಿಯನ್, ರಾಯಲ್ ಮೇಲ್ ಮುಂತಾದವರಿಗೆ ವಹಿಸಿತು. ನಮಗೆ ಬೇಕಾದವರನ್ನು ಆರಿಸಿಕೊಂಡರೆ ಅವರು ಕೊಟ್ಟ ಗುರುತು ಎಲ್ಲ ಇಲಾಖೆಗಳಲ್ಲೂ ನಡೆಯುತ್ತದೆ ಎಂಬ ಭರವಸೆ. ಹಲವು ಪ್ರೊವೈಡರುಗಳನ್ನು ಒಂದು ಕೇಂದ್ರಕ್ಕೆ ಜೋಡಿಸುವ ಪ್ರಯೋಗಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಈ ದೇಶದಲ್ಲಿಲ್ಲ. 2020ರೊಳಗೆ 2.5 ಕೋಟಿ ಜನ ಬಳಸುತ್ತಾರೆಂದು ಅಂದಾಜು. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ವರದಿ ಕೊಟ್ಟಾಗ ಬಳಕೆದಾರರು 36 ಲಕ್ಷ. 100ರಲ್ಲಿ 90 ಜನರ ಗುರುತು ಖಚಿತವಾಗಬೇಕಿದ್ದಲ್ಲಿ ಆದದ್ದು 48. ಯೂನಿವರ್ಸಲ್ ಕ್ರೆಡಿಟ್ ಬೇಡಿ ಬಂದವರಲ್ಲಂತೂ 38. ಎಚ್‌ಎಮ್‌ಆರ್‌ಸಿ ತನ್ನ ಹಳೆಯ ಗೇಟ್‌ವೇಯನ್ನು ಬಿಡಲೇ ಇಲ್ಲ. 2023ರಲ್ಲಿ ವೆರಿಫೈ ಮುಚ್ಚಿತು.

ಏಕೆ ಸೋತಿತು ಎಂಬುದಕ್ಕೆ ಕಾರಣ ಹಲವು. ನಮ್ಮವರಿಗೆ ಹತ್ತಿರವಾದ ಒಂದನ್ನು ಮಾತ್ರ ಹಿಡಿಯುತ್ತೇನೆ. ನೀವು ಯಾರೆಂದು ಪ್ರೊವೈಡರ್ ಹೇಳಿದ ಮೇಲೂ ಇಲಾಖೆಯ ಕೆಲಸ ಮುಗಿಯುವುದಿಲ್ಲ. ‘ಈ ಮನುಷ್ಯ ನಮ್ಮ ಕಡತದಲ್ಲಿರುವ ಆ ಮನುಷ್ಯನೇ’ ಎಂದು ಅದು ತಾಳೆ ನೋಡಬೇಕು, ಹೆಸರು, ಹುಟ್ಟಿದ ದಿನ, ವಿಳಾಸದಿಂದ. ನಮ್ಮ ಹೆಸರುಗಳನ್ನು ನೋಡಿ. ಮನೆತನದ ಹೆಸರೇ ಇಲ್ಲದವರು, ತಂದೆಯ ಹೆಸರನ್ನೇ ಕಡೆಯ ಹೆಸರು ಮಾಡಿಕೊಂಡವರು, ಊರಿನ ಇನಿಶಿಯಲ್ಲನ್ನು ಪಾಸ್‌ಪೋರ್ಟಿಗಾಗಿ ಬಿಡಿಸಿ ಬರೆದವರು. ಲಕ್ಷ್ಮೀ ಎಂಬುದನ್ನು ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿ ಬರೆದವರೂ ಉಂಟು, ಎಕ್ಸ್ ಹಾಕಿ ಬರೆದವರೂ ಉಂಟು. ಒಬ್ಬರೇ ಲಕ್ಷ್ಮಮ್ಮ ಜಿ.ಪಿ. ಕಡತದಲ್ಲೊಂದು ರೀತಿ, ಬ್ಯಾಂಕಿನಲ್ಲೊಂದು ರೀತಿ ಇರುತ್ತಾರೆ. ಜೊತೆಗೆ ನಮ್ಮ ಹಿರಿಯರ ಹುಟ್ಟಿದ ದಿನ ಎಷ್ಟೋ ಬಾರಿ ಶಾಲೆಯ ಮೇಷ್ಟ್ರು ಬರೆದುಕೊಂಡದ್ದು. ಇಂಥವರನ್ನು ಯಂತ್ರ ಎರಡು ಜನ ಎಂದುಕೊಳ್ಳುತ್ತದೆ, ಅಥವಾ ಇನ್ನೂ ಕೆಟ್ಟದೆಂದರೆ ಇಬ್ಬರನ್ನು ಒಬ್ಬರೆಂದುಕೊಳ್ಳುತ್ತದೆ. ಕಡತ ಎರಡಾದರೆ ಪೆನಿಸಿಲಿನ್ ಅಲರ್ಜಿ ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಕಡತ ಬೆರೆತರೆ ಇಲ್ಲದ ರೋಗಕ್ಕೆ ಔಷಧ ಬರುತ್ತದೆ. ಹತ್ತು ಅಂಕೆಯ ಎನ್‌ಎಚ್‌ಎಸ್ ಸಂಖ್ಯೆ ಇರುವುದು ಇದಕ್ಕಾಗಿಯೇ.

ಕಂಪನಿಗಳ ವ್ಯವಸ್ಥೆಯಲ್ಲೂ ಇದೇ ರೋಗ, ಲಕ್ಷಣ ಮಾತ್ರ ಬೇರೆ. ಎರಡು ಪ್ರೊವೈಡರುಗಳಿಂದ ಬಂದ ಒಬ್ಬನೇ ಮನುಷ್ಯನನ್ನು ಸೇರಿಸಲು ಇಮೇಲ್ ವಿಳಾಸ ನೋಡಿದರೆ ಸಾಕು ಎಂದು ಕೆಲವರು ಅವಸರ ಮಾಡುತ್ತಾರೆ. ಆದರೆ ಇಮೇಲ್ ಬದಲಾಗುತ್ತದೆ, ಕೆಲಸ ಬಿಟ್ಟವರ ವಿಳಾಸವನ್ನು ಅದೇ ಹೆಸರಿನ ಹೊಸಬರಿಗೆ ಕೊಡುವುದೂ ಉಂಟು. ಈ ಜೋಡಣೆಗೆಲ್ಲ ಆಧಾರವಾದ ಓಪನ್‌ಐಡಿ ಕನೆಕ್ಟ್ ನಿಯಮಾವಳಿಯೇ ಇದಕ್ಕೆ ಒಪ್ಪುವುದಿಲ್ಲ. ಗುರುತು ಕೊಟ್ಟ ಸಂಸ್ಥೆ ಯಾವುದು, ಅದು ಆ ವ್ಯಕ್ತಿಗೆ ಕೊಟ್ಟ ಬದಲಾಗದ ಸಂಕೇತ ಯಾವುದು, ಇವೆರಡನ್ನು ಸೇರಿಸಿ ಗುರುತಿಸಬೇಕು ಎನ್ನುತ್ತದೆ. ವಾರ್ಡಿನಲ್ಲಿ ನಾವು ರೋಗಿಯ ಹೆಸರು ಕೂಗಿ ರಕ್ತ ಏರಿಸುವುದಿಲ್ಲ, ಕೈಯ ಪಟ್ಟಿಯ ಸಂಖ್ಯೆ ನೋಡುತ್ತೇವೆ.

ವೆರಿಫೈ ಹೋಗಿ ಈಗ ಗವ್.ಯುಕೆ ಒನ್ ಲಾಗಿನ್ ಬಂದಿದೆ. ಇದನ್ನು ಸಮರ್ಥಿಸುವಾಗ ಸರ್ಕಾರ ಕೊಟ್ಟ ಅಂಕಿ ತಮಾಷೆಯಾಗಿದೆ: ಖಾತೆ ತೆರೆಯಲು 191 ವಿಧಾನ, ಲಾಗಿನ್ ಆಗಲು 44 ವಿಧಾನ. ಇಷ್ಟನ್ನು ಒಂದಾಗಿಸುವುದು ಬೇಡ ಎನ್ನುವವರು ಯಾರು? ಆದರೆ ಬಾಗಿಲು ಒಂದಾದಾಗ ಬೀಗವೂ ಒಂದಾಗುತ್ತದೆ. 2023ರ ಬೇಸಿಗೆಯಲ್ಲಿ ಮೈಕ್ರೋಸಾಫ್ಟಿನದೇ ಒಂದು ಸಹಿ ಕೀಲಿ ಕಳ್ಳರ ಕೈಗೆ ಸಿಕ್ಕು ಅಮೆರಿಕದ ಅಧಿಕಾರಿಗಳ ಇಮೇಲ್ ಓದಲಾದದ್ದು ಬಯಲಾಯಿತು. ನಮ್ಮ ಉದಾಹರಣೆಯಲ್ಲಿ ಹೇಳುವುದಾದರೆ ಕೈಪಟ್ಟಿ ಮಾಡುವ ಅಚ್ಚೇ ಕಳುವಾದಂತೆ. 2025ರ ಏಪ್ರಿಲಿನಲ್ಲಿ ಮಾರ್ಕ್ಸ್ ಆಂಡ್ ಸ್ಪೆನ್ಸರ್ ಮೇಲೆ ಬಿದ್ದ ದಾಳಿಯಲ್ಲಿ ಅಚ್ಚೂ ಬೇಕಾಗಲಿಲ್ಲ. ಬೇರೆಯವರಂತೆ ನಟಿಸಿ, ಮಾತಿನಲ್ಲೇ ಮರುಳು ಮಾಡಿ ಒಳಹೊಕ್ಕರು. ಆನ್‌ಲೈನ್ ವ್ಯಾಪಾರ ವಾರಗಟ್ಟಲೆ ನಿಂತಿತು, ಲಾಭದಲ್ಲಿ ಸುಮಾರು 30 ಕೋಟಿ ಪೌಂಡ್ ಖೋತಾ ಆಗಬಹುದೆಂದು ಕಂಪನಿಯೇ ಅಂದಾಜು ಮಾಡಿತು.

ಇದರಿಂದ ಒಂದೇ ಲಾಗಿನ್ ಬೇಡ ಎಂಬ ತೀರ್ಮಾನಕ್ಕೆ ನಾನು ಬಂದಿಲ್ಲ. ನಿವೃತ್ತನಾಗಿ ಎರಡು ತಿಂಗಳ ಮೇಲೆ ನನ್ನ ಮನೆಯ ಇಮೇಲಿಗೆ ಒಂದು ನೆನಪೋಲೆ ಬಂತು, ಎಕ್ಸ್-ರೇ ನೋಡುವ ವ್ಯವಸ್ಥೆಯ ಪಾಸ್‌ವರ್ಡಿನ ಅವಧಿ ಮುಗಿಯುತ್ತಿದೆ, ಬದಲಿಸಿ ಎಂದು. ಅಂದರೆ ಅಲ್ಲಿಯವರೆಗೂ ಆ ಬಾಗಿಲು ನನಗೆ ತೆರೆದಿತ್ತು. ಫೋನ್ ಮಾಡಿ ಮುಚ್ಚಿಸಿದೆ. ಎಲ್ಲ ವ್ಯವಸ್ಥೆಗಳೂ ಒಂದೇ ಪ್ರೊವೈಡರಿಗೆ ಜೋಡಿಸಿಕೊಂಡಿದ್ದರೆ ನನ್ನ ವಿದಾಯದ ಕೇಕು ಕತ್ತರಿಸಿದ ಸಂಜೆಯೇ ಎಲ್ಲವೂ ಮುಚ್ಚುತ್ತಿದ್ದವು. ನನ್ನ ದೃಷ್ಟಿಯಲ್ಲಿ ಇದು ಉಳಿಸಿದ 95 ಸೆಕೆಂಡಿಗಿಂತ ದೊಡ್ಡ ಲಾಭ, ಆದರೆ ಯಾವ ಘೋಷಣೆಯಲ್ಲೂ ಇದು ತಲೆಬರಹವಾಗುವುದಿಲ್ಲ. ಜೋಡಿಸಿದ ಮೇಲೂ ಹಳೆಯ ವ್ಯವಸ್ಥೆ ತನ್ನೊಳಗೆ ಒಂದು ಗುಪ್ತ ಖಾತೆ ಉಳಿಸಿಕೊಂಡಿದೆಯೇ, ಆಗಲೇ ಕೊಟ್ಟ ಟೋಕನ್ ಇನ್ನೆಷ್ಟು ಗಂಟೆ ನಡೆಯುತ್ತದೆ ಎಂದು ವಿಚಾರಿಸುವವರೂ ವಿರಳ.

ಮತ್ತೊಂದು, ಎರಡನೆಯ ಬಾಗಿಲು. ಆಸ್ಪತ್ರೆಯಲ್ಲಿ ತುರ್ತಿಗೆ ‘ಗಾಜು ಒಡೆದು’ ಕಡತ ತೆರೆಯುವ ಅವಕಾಶ ಇರುತ್ತದೆ. ತೆರೆದವರ ಹೆಸರು ದಾಖಲಾಗುತ್ತದೆ, ಆಮೇಲೆ ಕಾರಣ ಕೇಳುತ್ತಾರೆ. ಪ್ರಜೆಗಳಿಗೂ ಅಂಥದ್ದು ಬೇಕು. ಮುಖ ಸ್ಕ್ಯಾನ್ ಮಾಡಲು ಕ್ಯಾಮೆರಾದ ಮುಂದೆ ಕೈ ನಡುಗುವ ಎಂಬತ್ತರ ಅಜ್ಜಿಗೆ ಮನುಷ್ಯರಿರುವ ಒಂದು ಕೌಂಟರ್ ಬೇಕು. ತನ್ನ 30,000 ನೌಕರರಿಗೆ ಅಂಥ ಮೇಜು ಹಾಕಲು ಲಂಡನ್ ಸಾರಿಗೆ ಸಂಸ್ಥೆಗೆ ಸಾಧ್ಯವಾಯಿತಲ್ಲ.

ಇಷ್ಟು ಬರೆದ ಮೇಲೆ ನಮ್ಮ ಮನೆಯ ದೋಸೆಯ ತೂತನ್ನೂ ಹೇಳಬೇಕು. ನಮ್ಮ ಸಂಘದ ಇಮೇಲ್ ಖಾತೆಯ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು ಎಂದು ಈ ಲೇಖನಕ್ಕಾಗಿ ವಿಚಾರಿಸಿದೆ. ಈಗಿನ ಕಾರ್ಯದರ್ಶಿಗಳಲ್ಲದೆ ಹಿಂದಿನ ನಾಲ್ವರಿಗೆ ಗೊತ್ತು. ಸದಸ್ಯರ ವಿಳಾಸ, ಮಕ್ಕಳ ವಯಸ್ಸು, ಊಟದ ಅಲರ್ಜಿ ಎಲ್ಲ ಅದರಲ್ಲೇ ಇದೆ. ಎರಡನೆಯ ಪುರಾವೆಯ ಕೋಡು ಹೋಗುವುದು ಮಾಜಿ ಖಜಾಂಚಿಯವರ ಫೋನಿಗೆ. ಅವರು ಈಗ ಮೈಸೂರಿನಲ್ಲಿದ್ದಾರೆ, ಹಾಗಾಗಿ ನಾವು ಲಾಗಿನ್ ಆಗಬೇಕಾದರೆ ಅವರು ಎದ್ದಿರುವ ಹೊತ್ತು ನೋಡಿಕೊಳ್ಳಬೇಕು. ಮುಂದಿನ ಕಾರ್ಯಕಾರಿ ಸಮಿತಿ ಸಭೆಗೆ ಇದನ್ನು ಚರ್ಚೆಯ ವಿಷಯವಾಗಿ ಬರೆದು ಕೊಟ್ಟಿದ್ದೇನೆ.