‘ರೀ’ ಎಂದರೆ ‘ಅಜೀ’ ಅಲ್ಲ

ನಗೆಗೆ ಭಾಷೆಯ ಹಂಗಿಲ್ಲ ಎಂದು ಹೇಳುವವರಿದ್ದಾರೆ. ಅವರು ಫರೀದಾಬಾದಿನಲ್ಲಿ ಮಕ್ಕಳನ್ನು ಬೆಳೆಸಿದವರಲ್ಲವೆಂದು ಕಾಣುತ್ತದೆ. ನಮ್ಮಲ್ಲಿ ‘ಪಾಪ ಪಾಂಡು’ ನೋಡಲು ಒಂದೇ ದಿವಾನದ ಮೇಲೆ ಕುಳಿತರೂ ನಾವು ನಗುವ ಜಾಗ ಬೇರೆ, ಮಕ್ಕಳು ನಗುವ ಜಾಗ ಬೇರೆ. ಪಾಂಡುವಿಗೆ ಶ್ರೀಮತಿಯಿಂದ ಪೆಟ್ಟು ಬಿದ್ದಾಗ ಅವರು ಕೇಕೆ ಹಾಕುತ್ತಾರೆ. ನಾವು ಅದಕ್ಕೆ ಮುಂಚಿನ ಮಾತಿಗೇ ನಕ್ಕು ಮುಗಿಸಿರುತ್ತೇವೆ.

ಉದಾಹರಣೆಗೆ ‘ರೀ’ ಎಂಬ ಒಂದಕ್ಷರವನ್ನೇ ತೆಗೆದುಕೊಳ್ಳಿ. ಹಾಗೆಂದರೇನು ಎಂದು ಮಗ ಕೇಳಿದರೆ ‘ಅಜೀ’ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಅದು ಅಷ್ಟೇ ಅಲ್ಲವಲ್ಲ ಸ್ವಾಮಿ! ಕಾಫಿ ತಂದಿಟ್ಟಾಗಿನ ‘ರೀ’ ಗಿಡ್ಡ. ಸಂಬಳದ ದಿನದ್ದು ಸಕ್ಕರೆ. ಅತ್ತೆಯ ಕಾಗದ ಬಂದ ದಿನದ್ದು ಓಲ್ಡ್ ಫರೀದಾಬಾದಿನಿಂದ ಬಲ್ಲಭಗಢದವರೆಗೆ ಎಳೆಯುತ್ತದೆ. ಚಿದಾನಂದ್ ಅವರ ಪಾಂಡುವೂ ಶಾಲಿನಿಯವರ ಶ್ರೀಮತಿಯೂ ಬದುಕಿರುವುದೇ ಇಂಥ ಎಳೆತಗಳಲ್ಲಿ. ಸಿಹಿಕಹಿ ಚಂದ್ರು ಅವರಿಗೆ ಇದು ಗೊತ್ತು. ಪೆಟ್ಟು ಬರೀ ಪೂರ್ಣವಿರಾಮ. ನಮ್ಮ ಮಕ್ಕಳು ವಾಕ್ಯ ಬಿಟ್ಟು ಪೂರ್ಣವಿರಾಮವನ್ನಷ್ಟೇ ಓದುತ್ತಿದ್ದಾರೆ ಎಂಬುದು ನಮ್ಮ ಕೊರಗು.

ಹಿಂದೆ ಈ ತೊಂದರೆ ಇರಲಿಲ್ಲ, ಏಕೆಂದರೆ ಕನ್ನಡದ ನಗೆಯೇ ಇಲ್ಲಿಗೆ ಬರುತ್ತಿರಲಿಲ್ಲ. 1984ರಲ್ಲಿ ದೂರದರ್ಶನದಲ್ಲಿ ‘ಯೇ ಜೋ ಹೈ ಜಿಂದಗಿ’ ಬಂತು. ಬರೆದವರು ಶರದ್ ಜೋಶಿ. ಸತೀಶ್ ಶಾ ಪ್ರತಿ ಕಂತಿನಲ್ಲೂ ಹೊಸ ವೇಷ ಹಾಕಿ ಬರುತ್ತಿದ್ದರು. ನಮ್ಮವರಲ್ಲಿ ಎಷ್ಟೋ ಮಂದಿ ಮನೆಮಾತಿನ ಹಿಂದಿ ಕಲಿತದ್ದು ಅಲ್ಲಿಂದಲೇ. ಕಾರ್ಖಾನೆಯಲ್ಲಿ ಕಲಿತ ಹಿಂದಿಯನ್ನು ಮನೆಯಲ್ಲಿ ಆಡುವಂತಿರಲಿಲ್ಲ. 1986ರಲ್ಲಿ ಶಂಕರ್ ನಾಗ್ ಆಗುಂಬೆಯನ್ನು ಮಾಲ್ಗುಡಿ ಮಾಡಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಪಕ್ಕದ ಮನೆಯವರು ‘ಮದ್ರಾಸಿ ಸೀರಿಯಲ್ ಬಹಳ ಚೆನ್ನಾಗಿದೆ’ ಎಂದರೆ ನಾವು ಚಹಾ ಕೊಟ್ಟು, ಭೂಪಟ ಬಿಡಿಸಿ, ಆಗುಂಬೆಯನ್ನು ತೋರಿಸುತ್ತಿದ್ದೆವು. ಆದರೂ ಒಂದು ಮಾತು ಒಪ್ಪಬೇಕು. ಅದರ ನಗೆ ಮುಖದಲ್ಲಿ, ಜಗಲಿಯಲ್ಲಿ, ಹುಡುಗನ ಪೇಚಾಟದಲ್ಲಿ ಇತ್ತು. ಆದ್ದರಿಂದ ಹಿಂದಿಯಲ್ಲಿ ಆಡಿಸಿದರೂ ಅದಕ್ಕೆ ಏಟಾಗಲಿಲ್ಲ. ‘ಪಾಪ ಪಾಂಡು’ವನ್ನು ಹಿಂದಿಗೆ ತಿರುಗಿಸಿ ನೋಡಿ, ಉಳಿಯುವುದು ಪೆಟ್ಟು ಮಾತ್ರ.

ಇನ್ನು ‘ಮಜಾ ಟಾಕೀಸ್’. 2015ರಲ್ಲಿ ಇದು ಶುರುವಾದಾಗ ನಮ್ಮ ಮಕ್ಕಳಿಗೆ ಅನುವಾದ ಬೇಕಾಗಲಿಲ್ಲ. ಬೇಕಾಗುವುದಾದರೂ ಹೇಗೆ? ಕಪಿಲ್ ಶರ್ಮರ ಕಾರ್ಯಕ್ರಮವನ್ನು 2013ರಿಂದ ನೋಡಿದವರಿಗೆ ಅದೇ ಮನೆ, ಅದೇ ಅತಿಥಿ, ಸಿನಿಮಾ ಪ್ರಚಾರಕ್ಕೆ ಬಂದ ಅದೇ ತಾರೆಯರು! ಸೃಜನ್ ಲೋಕೇಶ್ ಬುದ್ಧಿವಂತರು. ಅತಿಥಿಗೆ ಬೇಸರವಾಗುವ ಮೊದಲೇ ಮಾತು ತಿರುಗಿಸುವ ಚುರುಕು ಅವರಿಗಿದೆ. 1934ರ ‘ಸತಿ ಸುಲೋಚನ’ದ ನಾಯಕ ಸುಬ್ಬಯ್ಯ ನಾಯ್ಡು ಅವರ ಮೊಮ್ಮಗ, ‘ಪರಸಂಗದ ಗೆಂಡೆತಿಮ್ಮ’ದ ಲೋಕೇಶರ ಮಗ. ಮನೆಯಲ್ಲೇ ಕಂಪನಿ ನಾಟಕದ ಪೆಟ್ಟಿಗೆ ಇಟ್ಟುಕೊಂಡವರಿಗೆ ಮುಂಬಯಿಯ ಅಚ್ಚು ಏಕೆ ಬೇಕಿತ್ತೋ ನಮಗೆ ತಿಳಿಯದು.

ಆ ಅಚ್ಚಿನೊಳಗೂ ಕನ್ನಡದ ನಗೆ ಹುಟ್ಟಿಸಿದವರು ಅಪರ್ಣಾ. ವರಲಕ್ಷ್ಮಿಯ ಬಿಂಕ, ಬಡಾಯಿ, ಅಲಂಕಾರ ಯಾರು ಬೇಕಾದರೂ ಮಾಡಿಯಾರು. ಆದರೆ ವರ್ಷಾನುಗಟ್ಟಲೆ ವೇದಿಕೆಗಳಲ್ಲಿ ಅಚ್ಚುಕಟ್ಟಾದ ಕನ್ನಡ ನುಡಿದು, ಬೆಂಗಳೂರು ಮೆಟ್ರೋದಲ್ಲಿ ನಿಲ್ದಾಣಗಳ ಹೆಸರು ಹೇಳಿದ ಅದೇ ಕಂಠ ಕೊಚ್ಚಿಕೊಳ್ಳತೊಡಗಿದರೆ ಅದರ ಸೊಗಸೇ ಬೇರೆ. ನಮ್ಮ ಫರೀದಾಬಾದಿಗೆ 2015ರಲ್ಲಿ ಬಂದ ಮೆಟ್ರೋದಲ್ಲಿ ಹಿಂದಿ ಹೇಳುವ ಶಮ್ಮಿ ನಾರಂಗ್ ಹಿಂದೆ ದೂರದರ್ಶನದಲ್ಲಿ ವಾರ್ತೆ ಓದುತ್ತಿದ್ದವರು. ಅವರು ಸೀರೆ ಉಟ್ಟು ಬಡಾಯಿ ಕೊಚ್ಚಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ ಎಂದು ಮಕ್ಕಳಿಗೆ ಹೇಳಿದೆವು. ಆಗ ಅರ್ಥವಾಯಿತು! 2024ರ ಜುಲೈ 11ರಂದು ಅಪರ್ಣಾ ತೀರಿಕೊಂಡಾಗ ‘ಯಾರು ಆಂಟಿ?’ ಎಂದು ಅವರು ಕೇಳಲಿಲ್ಲ. ಅದೊಂದು ಸಮಾಧಾನ.

‘ಸಿಲ್ಲಿ ಲಲ್ಲಿ’ಯ ವಿಷಯ ಹೇಳದಿದ್ದರೆ ಮನೆಯವರು ಬಿಡುವುದಿಲ್ಲ. ರವಿಶಂಕರ್ ಗೌಡರ ಡಾಕ್ಟರ್ ವಿಠಲ್ ರಾವ್ ಮಕ್ಕಳಿಗೆ ಅರ್ಧ ಅರ್ಥವಾದರು. ಆದರೆ ಸಮಾಜಸೇವಕಿ ಲಲಿತಾಂಬ ಬಂದೊಡನೆ, ನಾವು ಬಾಯಿ ತೆರೆಯುವ ಮುಂಚೆಯೇ, ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೇಗೆ ತಿಳಿಯಿತು ಎಂದು ಕೇಳಿದರೆ, ಇವರನ್ನು ರಾಜ್ಯೋತ್ಸವದಲ್ಲಿ ನೋಡಿದ್ದೇವೆ ಎಂದರು. ಯಾರನ್ನು ಎಂದು ನಾವು ಬರೆಯುವುದಿಲ್ಲ. ಈ ಸಲದ ಊಟದ ಚೀಟಿ ಅವರ ಕೈಯಲ್ಲೇ ಇದೆ.