ಸೈಕಲ್ ಅಂಗಡಿಯವನ ಸಾಕ್ಷಿ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಬೆಳುವಾಯಿಯ ಸುತ್ತಮುತ್ತ ಎರಡು ಕೆಲಸ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತವೆ. ಒಂದು ಮಳೆಗಾಲದ ತಾಳಮದ್ದಲೆ, ಇನ್ನೊಂದು ಪಿಯುಸಿ ತರಗತಿ. ಬೆಳಗ್ಗೆ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ನೀರು ತೊಟ್ಟಿಕ್ಕುವ ಕೊಡೆ ಹಿಡಿದು ನಿಂತ ಮಕ್ಕಳಿರುತ್ತಾರೆ, ಹಿಂದಿನ ರಾತ್ರಿ ಕೂಟದಲ್ಲಿ ನಿದ್ದೆಗೆಟ್ಟ ಅಜ್ಜಂದಿರೂ ಇರುತ್ತಾರೆ. ಅಜ್ಜಂದಿರ ಬಾಯಲ್ಲಿ ನಿನ್ನೆಯ ವಾಲಿ, ಮಕ್ಕಳ ಚೀಲದಲ್ಲಿ ಇಂಗ್ಲಿಷ್ ಗೈಡು. ಒಂದೇ ಸೀಟಿನಲ್ಲಿ ಕುಳಿತ ಈ ಇಬ್ಬರ ನಡುವಿನ ದೂರ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಸಂಜೆ ನನ್ನ ಮನೆಯ ಜಗಲಿಗೆ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುವವರು ಆ ಮಕ್ಕಳೇ.

ದ್ವಿತೀಯ ಪಿಯುಸಿಯ ಇಂಗ್ಲಿಷ್ ಪಠ್ಯ 'ಸ್ಪೆಕ್ಟ್ರಮ್' ಬಡ ಪುಸ್ತಕವೇನಲ್ಲ. ಅದರಲ್ಲಿ ಟಾಲ್‌ಸ್ಟಾಯ್ ಇದ್ದಾರೆ, ಚಿನುವಾ ಅಚಿಬೆ ಇದ್ದಾರೆ, ಬೋರ್ಹೆಸ್ ಅವರ ಸಂದರ್ಶನವಿದೆ. ನಮ್ಮವರೇ ಆದ ಕುವೆಂಪು ಮತ್ತು ಲಂಕೇಶ್ ಇಂಗ್ಲಿಷಿನ ಉಡುಪಿನಲ್ಲಿ ಬಂದಿದ್ದಾರೆ. ವಂದನಾ ಶಿವ, ಪಿ. ಸಾಯಿನಾಥ್ ಅವರ ಗದ್ಯವಿದೆ. ಹದಿನೇಳರ ಹುಡುಗಿಯೊಬ್ಬಳ ಕೈಗೆ ಇಷ್ಟನ್ನು ಇಟ್ಟವರು ಒಳ್ಳೆಯ ಓದುಗರೇ ಇರಬೇಕು. ನನ್ನ ತಕರಾರು ಪಾಠ ಮುಗಿದ ಮೇಲೆ ಬರೆಯಲು ಕೊಡುವ ಕೆಲಸದ ಮೇಲೆ. 80–100 ಪದಗಳಲ್ಲಿ ಬರೆಯಿರಿ, 200 ಪದಗಳಲ್ಲಿ ಬರೆಯಿರಿ ಎಂಬ ಪ್ರಶ್ನೆಗಳೆಲ್ಲ ಬಹುಪಾಲು ಕೇಳುವುದು ಲೇಖಕ ಏನು ಹೇಳಿದ ಎಂದು. ಹೇಗೆ ಹೇಳಿದ, ಯಾರನ್ನು ಒಪ್ಪಿಸಲು ಹೇಳಿದ, ಮೊದಲು ಹೇಳಬಹುದಾಗಿದ್ದನ್ನು ಕೊನೆಗೆ ಏಕೆ ಇಟ್ಟ, ಇವು ಪ್ರಶ್ನೆಯಾಗುವುದು ಅಪರೂಪ.

ಬರವಣಿಗೆಯ ಭಾಗವೆಂದೇ ಇರುವ ಪ್ರಶ್ನೆಗಳ ಕಥೆಯೂ ಇದೇ. ಭಾಷಣ ಬರೆಯಿರಿ ಎನ್ನುತ್ತದೆ ಪ್ರಶ್ನೆಪತ್ರಿಕೆ, ಹೇಳಬೇಕಾದ ಅಂಶಗಳನ್ನೂ ಅದೇ ಕೊಡುತ್ತದೆ. ಮಕ್ಕಳು ಮಾನ್ಯ ಪ್ರಾಂಶುಪಾಲರೇ ಎಂದು ಶುರುಮಾಡಿ, ಆ ಅಂಶಗಳಿಗೆ ಕ್ರಿಯಾಪದ ಸೇರಿಸಿ, ವಂದನೆ ಹೇಳಿ ಮುಗಿಸುತ್ತಾರೆ. ಎದುರಿಗೆ ಕುಳಿತವರು ಯಾರು, ಅವರು ಈಗಾಗಲೇ ಏನನ್ನು ನಂಬಿದ್ದಾರೆ ಎಂಬ ಯೋಚನೆ ಎಲ್ಲೂ ಬೇಕಾಗುವುದಿಲ್ಲ. ಸಭೆಯೇ ಇಲ್ಲದ ಭಾಷಣ ಅದು. ಕೆಲಸಕ್ಕೆ ಅರ್ಜಿ ಬರೆಯುವುದು ಇನ್ನೂ ಬೇಸರ ತರಿಸುತ್ತದೆ. ಅರ್ಜಿಯೆಂದರೆ ಅಪರಿಚಿತನೊಬ್ಬನನ್ನು ಒಂದು ಪುಟದಲ್ಲಿ ಒಪ್ಪಿಸುವ ಕಲೆ. ನಾವು ಕಲಿಸುವುದು ವಿಳಾಸ ಎಡಕ್ಕೋ ಬಲಕ್ಕೋ ಎಂದು. ಈಗ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಆ 20ರೊಳಗೆ ಪ್ರಾಜೆಕ್ಟಿಗೂ ಅಸೈನ್‌ಮೆಂಟಿಗೂ ಜಾಗ ಮಾಡಿದ್ದು ಒಳ್ಳೆಯ ಅವಕಾಶವಾಗಿತ್ತು. ನಾನು ನೋಡಿದ ಹೆಚ್ಚಿನ ಅಸೈನ್‌ಮೆಂಟುಗಳು ಲೇಖಕರ ಜೀವನಚರಿತ್ರೆ, ಮೊಬೈಲಿನಿಂದ ಇಳಿಸಿ ಚಂದದ ಅಕ್ಷರದಲ್ಲಿ ನಕಲು ಮಾಡಿದ್ದು.

ಹೇಗೆ ಎಂದು ಕೇಳುವ ಪರೀಕ್ಷೆ ಎಲ್ಲೂ ಇಲ್ಲವೆಂದಲ್ಲ. ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜ್ ಬೋರ್ಡ್ ನಡೆಸುವ ಎಪಿ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಮೂರು ಪ್ರಬಂಧಗಳಿವೆ, ಅವುಗಳಲ್ಲೊಂದು ಪೂರ್ತಿಯಾಗಿ ಇದಕ್ಕೇ ಮೀಸಲು. ಅಪರಿಚಿತವಾದ ಒಂದು ಗದ್ಯಭಾಗ ಕೊಡುತ್ತಾರೆ. ಬರೆದವರು ತಮ್ಮ ಮಾತನ್ನು ಓದುಗರಿಗೆ ಮುಟ್ಟಿಸಲು ಯಾವ ದಾರಿ ಆರಿಸಿಕೊಂಡರು ಎಂದು ಸುಮಾರು 40 ನಿಮಿಷದಲ್ಲಿ ವಿಶ್ಲೇಷಿಸಬೇಕು. ಒಟ್ಟು 6 ಅಂಕ. ಅದರಲ್ಲಿ 4 ಅಂಕ ಬರಹದಿಂದ ಎತ್ತಿಕೊಟ್ಟ ಆಧಾರಕ್ಕೆ ಮತ್ತು ಆ ಆಧಾರವನ್ನು ವಿವರಿಸಿದ ರೀತಿಗೆ. ಅಂಕ ಹಂಚಿದ ಈ ಪ್ರಮಾಣವೇ ನನಗೆ ಮೆಚ್ಚುಗೆ. ಆದರೆ ಅಲ್ಲೂ ಒಂದು ರೋಗವಿದೆ. ಅರಿಸ್ಟಾಟಲನ ಕಾಲದಿಂದ ಬಂದ ಈಥೋಸ್ (ವಿಶ್ವಾಸಾರ್ಹತೆ), ಪೇಥೋಸ್ (ಭಾವ), ಲೋಗೋಸ್ (ತರ್ಕ) ಎಂಬ ಮೂರು ಹೆಸರುಗಳನ್ನು ಬಾಯಿಪಾಠ ಮಾಡಿ, ಸಿಕ್ಕ ಸಾಲಿಗೆಲ್ಲ ಒಂದೊಂದು ಚೀಟಿ ಅಂಟಿಸಿ ಬರುವ ಮಕ್ಕಳು ಅಲ್ಲಿಯೂ ಇದ್ದಾರೆ.

ಈ ರೋಗ ನಮಗೆ ಹೊಸದಲ್ಲ. ಎಸ್ಸೆಸ್ಸೆಲ್ಸಿ ಕನ್ನಡ ಓದಿದ ಯಾರಿಗೂ ನೆನಪಿರಬಹುದು: ಅಲಂಕಾರ ಹೆಸರಿಸಿ, ಲಕ್ಷಣ ಬರೆದು ಸಮನ್ವಯಗೊಳಿಸಿ. ಉಪಮೇಯ ಇದು, ಉಪಮಾನ ಇದು, ವಾಚಕ ಪದ ಇದು, ಸಮಾನಧರ್ಮ ಇದು. ನಾಲ್ಕು ಖಾನೆ ತುಂಬಿದರೆ ಪೂರ್ಣಾಂಕ. ಕವಿ ಇಲ್ಲಿಯೇ ಏಕೆ ಉಪಮೆಗೆ ಹೋದ, ನೇರವಾಗಿ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು ಎಂದು ನನ್ನನ್ನು ಶಾಲೆಯಲ್ಲಿ ಯಾರೂ ಕೇಳಲಿಲ್ಲ. ನಮಗೆ ದೊರೆತ ಮೊದಲ ಕನ್ನಡ ಗ್ರಂಥವೇ ಮಾತಿನ ಗುಣದೋಷಗಳನ್ನು ತೂಗುವ ಗ್ರಂಥ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಸಂಸ್ಕೃತದ ದಂಡಿಯ ಬೆನ್ನು ಹಿಡಿದು ಹೊರಟರೂ, ಎಲ್ಲಿ ಯಾವ ಮಾತು ಒಪ್ಪುತ್ತದೆ ಎಂದು ಕನ್ನಡದ ಕಿವಿಯಿಂದಲೇ ನೋಡುತ್ತದೆ. ಅಂಥ ಭಾಷೆಯ ತರಗತಿಯಲ್ಲಿ ಅಲಂಕಾರ ಖಾನೆ ತುಂಬುವ ಲೆಕ್ಕವಾಗಿ ಉಳಿದದ್ದು ನನಗೆ ನಿಜಕ್ಕೂ ದುಃಖದ ಸಂಗತಿ.

ತರಗತಿಯಲ್ಲಿ ಸತ್ತದ್ದು ಬಸ್ಸಿನಲ್ಲಿ ಬದುಕಿದೆ ಎಂಬುದೇ ಸಮಾಧಾನ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ಪದ್ಯ ಹಳೆಯದು, ಅರ್ಥಕ್ಕೆ ಬರೆದಿಟ್ಟ ಪಾಠವಿಲ್ಲ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ರಾಮನನ್ನು ಕೇಳುತ್ತಾನೆ. ಕಥೆ ಎಲ್ಲರಿಗೂ ಗೊತ್ತು, ಕೊನೆಯೂ ಗೊತ್ತು. ಹಾಗಾಗಿ ಏನು ಹೇಳಿದ ಎಂಬ ಪ್ರಶ್ನೆಗೆ ಅಲ್ಲಿ ಬೆಲೆಯೇ ಇಲ್ಲ, ಹೇಗೆ ಹೇಳಿದ ಎಂಬುದಕ್ಕೇ ಜನ ಮಳೆಯಲ್ಲಿ ನಡೆದು ಬರುವುದು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣ, ಮಾಗಧರಂಥ ಪಾತ್ರಗಳಿಗೆ ಕೊಟ್ಟ ವಾದದ ಬಲ ಇವತ್ತಿಗೂ ಅಳತೆಗೋಲು. ಡಾ. ಎಂ. ಪ್ರಭಾಕರ ಜೋಶಿಯವರು ಕೃಷ್ಣಸಂಧಾನ ಎಂಬ ಒಂದೇ ಪ್ರಸಂಗವನ್ನು ಹಿಡಿದು ಡಾಕ್ಟರೇಟ್ ಪ್ರಬಂಧ ಬರೆದರು. ಒಂದೇ ಪ್ರಸಂಗ ಬೇರೆ ಬೇರೆ ಅರ್ಥಧಾರಿಗಳ ಬಾಯಲ್ಲಿ ಬೇರೆ ಬೇರೆ ವಾದವಾಗುವುದನ್ನು ಕಂಡವರಿಗೆ ಇದಕ್ಕಿಂತ ಒಳ್ಳೆಯ ವಿಶ್ಲೇಷಣೆಯ ಪಾಠ ಬೇಕಿಲ್ಲ.

ಅಂದಮಾತ್ರಕ್ಕೆ ಕೂಟದಲ್ಲಿ ನಡೆಯುವುದೆಲ್ಲ ಚಿನ್ನವಲ್ಲ. ಗಂಟೆಗಟ್ಟಲೆ ಪೀಠಿಕೆ ಎಳೆಯುವುದು, ಎದುರಿನವನಿಗೆ ಜಾಗ ಬಿಡದೆ ವಾದಕ್ಕಾಗಿ ವಾದ ಹೂಡುವುದು ಅಲ್ಲೂ ಇದೆ. ಮಹಿಳೆಯರ ಕೂಟಗಳು ಈಗ ನಡೆಯುತ್ತಿದ್ದರೂ ರಾತ್ರಿಯ ಸಭೆಗಳಲ್ಲಿ ಹುಡುಗಿಯರು ಕಾಣುವುದು ಕಡಿಮೆ. ನನ್ನ ಜಗಲಿಗೆ ಬರುತ್ತಿದ್ದ, ನಾನು ಈಗ ಹೇಳಹೊರಟ ಹುಡುಗಿಯೂ ಕೂಟಕ್ಕೆ ಹೋದವಳಲ್ಲ. ಅವಳ ಅಜ್ಜ ಹೋಗುತ್ತಿದ್ದರು.

ಮನೆಯಲ್ಲಿ ತುಳು, ಹತ್ತರವರೆಗೆ ಕನ್ನಡ ಮಾಧ್ಯಮ, ಅಮ್ಮ ಬೀಡಿ ಕಟ್ಟುವವರು. ಸಾಯಿನಾಥ್ ಅವರ ಪಾಠಕ್ಕೆ ಗೈಡಿನ ಉತ್ತರ ಬಾಯಿಪಾಠ ಮಾಡಿ ಬಂದಿದ್ದಳು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಳ್ಳಿಯ ಹೆಂಗಸರು ಸೈಕಲ್ ಕಲಿತ ಕಥೆ ಅದು. ಸೈಕಲ್ಲಿನಿಂದ ಆದ ಲಾಭಗಳು: ಒಂದು, ಸಮಯದ ಉಳಿತಾಯ. ಎರಡು, ಆದಾಯ. ಮೂರು, ಆತ್ಮವಿಶ್ವಾಸ. ಅಷ್ಟನ್ನೂ ಒಪ್ಪಿಸಿದಳು. ನಾನು ಪುಸ್ತಕ ಮುಚ್ಚಿಸಿ, ನಿನ್ನೆಯ ಕೂಟದ ಬಗ್ಗೆ ಅಜ್ಜ ಏನಂದರು ಎಂದು ಕೇಳಿದೆ. "ವಾಲಿ ಕೇಳಿದ್ದಕ್ಕೆ ರಾಮ ಉತ್ತರವೇ ಹೇಳಲಿಲ್ಲವಂತೆ ಸರ್. ಚಂದ ಮಾತಾಡಿದ, ಅಷ್ಟೇ ಅಂತೆ."

ಸಾಯಿನಾಥ್ ಅವರನ್ನೂ ಅಜ್ಜ ಕೇಳಿದ ಹಾಗೆ ಕೇಳು ಎಂದೆ. ಮುಂದಿನ ವಾರ ಒಂದೂವರೆ ಪುಟ ತಂದಳು. ಇಂಗ್ಲಿಷಿನಲ್ಲಿ ತಪ್ಪುಗಳಿದ್ದವು. ಆದರೆ ಲೇಖಕ ತನ್ನ ಮಾತನ್ನು ನೇರವಾಗಿ ಸಾರದೆ, ಸೈಕಲ್ ತುಳಿಯುವುದು ಚಳವಳಿಯಾಗುವುದುಂಟೆ ಎಂಬ ಓದುಗನ ಅನುಮಾನದಿಂದಲೇ ಶುರುಮಾಡುತ್ತಾರೆ ಎಂದು ಗುರುತಿಸಿದ್ದಳು. ಹಣದ ಲಾಭವನ್ನು ಎಣಿಸಿಯಾದ ಮೇಲೆ ಅದಷ್ಟೇ ಮುಖ್ಯವೆಂದುಕೊಳ್ಳುವುದು ತಪ್ಪು ಎಂದು ತಿರುಗುತ್ತಾರೆ ಎಂದೂ ಬರೆದಿದ್ದಳು. ಗೈಡಿನಲ್ಲಿ ಒಂದು, ಎರಡು, ಮೂರು ಎಂದು ಸಮನಾಗಿ ಕುಳಿತಿದ್ದ ಅಂಶಗಳು ಅವಳ ಕೈಯಲ್ಲಿ ಒಂದರ ಮೇಲೊಂದು ಏರಿದವು.

ಅವಳು ಹೆಚ್ಚು ಹೊತ್ತು ನಿಂತದ್ದು ಸೈಕಲ್ ಅಂಗಡಿಯವನ ಹತ್ತಿರ. ಹೆಂಗಸರ ಸೈಕಲ್ ಮಾರಾಟ ಒಂದೇ ವರ್ಷದಲ್ಲಿ 350 ಪ್ರತಿಶತಕ್ಕೂ ಮೇಲೆ ಏರಿತು ಎಂದು ಆತ ಹೇಳುತ್ತಾನೆ. ಆದರೆ ಹೇಳಲು ಹಿಂಜರಿಯುತ್ತಾನೆ, ಎದುರಿಗಿರುವವನು ಮಾರಾಟ ತೆರಿಗೆಯವನೋ ಏನೋ ಎಂಬ ಅಳುಕಿನಿಂದ. ಈ ಸಣ್ಣ ವಿವರ ಯಾವ ಅಂಶಗಳ ಪಟ್ಟಿಗೂ ಸೇರುವುದಿಲ್ಲ. ಹುಡುಗಿ ಬರೆದದ್ದರ ತಾತ್ಪರ್ಯ ಇಷ್ಟು: ಸಂಖ್ಯೆ ಹೆಚ್ಚು ಹೇಳಿದರೆ ಆತನಿಗೆ ನಷ್ಟ, ಆದ್ದರಿಂದ ಆ ಸಂಖ್ಯೆಯನ್ನು ನಾವು ನಂಬುತ್ತೇವೆ. ಅಳುಕನ್ನು ಲೇಖಕ ನಗಿಸಲಿಕ್ಕಾಗಿ ಮಾತ್ರ ಹೇಳಲಿಲ್ಲ, ಸಾಕ್ಷಿಗೆ ತೂಕ ಕೊಡಲು ಹೇಳಿದರು. ಇದನ್ನು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ. ನನಗೇ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇಂಥ ಕೆಲಸಕ್ಕೆ ಹೊಸ ಪಠ್ಯ ಬೇಡ, ಆ 20 ಅಂಕಗಳೊಳಗಿನ ಅಸೈನ್‌ಮೆಂಟಿನ ಜಾಗವೇ ಸಾಕು. ಜೀವನಚರಿತ್ರೆಯ ನಕಲಿನ ಬದಲು ಒಂದು ಪಾಠ, ಒಂದು ಪ್ರಶ್ನೆ. ವಂದನಾ ಶಿವ ಕಾಡಿನ ಬಗ್ಗೆ ವಾದ ಹೂಡುವ ಮೊದಲು ತಮ್ಮ ಬಾಲ್ಯದ ಹಿಮಾಲಯಕ್ಕೂ ಚಿಪ್ಕೋಗೂ ಏಕೆ ಹೋಗುತ್ತಾರೆ? ಬೇಕಿದ್ದರೆ ಮೊದಲು ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಲಿ, ಅಜ್ಜನ ಹತ್ತಿರ ಕೇಳಿ ಬರಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ತಿದ್ದಲು ಹೊತ್ತು ಬೇಕಾಗುತ್ತದೆ ಎನ್ನುವ ಅಧ್ಯಾಪಕರ ಮಾತು ಸುಳ್ಳಲ್ಲ. ಒಂದು ಪುಟವನ್ನು ನಿಜವಾಗಿ ಓದಿ ತಿದ್ದಲು ನನಗೆ ಕಾಲು ಗಂಟೆ ಬೇಕು. ತರಗತಿಯಲ್ಲಿ ಅರವತ್ತು, ಎಪ್ಪತ್ತು ಮಕ್ಕಳಿದ್ದರೆ ಅಷ್ಟು ಕಾಲು ಗಂಟೆಗಳನ್ನು ಎಲ್ಲಿಂದ ತರುವುದು? ಹಾಗಿದ್ದರೆ ವರ್ಷಕ್ಕೆ ಒಂದೇ ಇರಲಿ. ಹತ್ತು ನಕಲಿಗಿಂತ ಅದು ಮೇಲು.

ಆ ವರ್ಷ ಪರೀಕ್ಷೆಗೆ ಎರಡು ದಿನ ಮುಂಚೆ ಅವಳು ಬಂದು ಕೇಳಿದಳು: "ಸರ್, ಸೈಕಲ್ ಪಾಠ ಬಂದರೆ ಯಾವುದನ್ನು ಬರೆಯಲಿ?" ಮೌಲ್ಯಮಾಪಕರ ಕೈಯಲ್ಲಿ ಅಂಶಗಳ ಪಟ್ಟಿ ಇರುತ್ತದೆ, ಅಂಗಡಿಯವನ ಅಳುಕು ಅದರಲ್ಲಿ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೈಡಿನದ್ದನ್ನೇ ಬರೆ ಎಂದೆ. ಅವಳು ಸರಿ ಎಂದು ತಲೆಯಾಡಿಸಿ, ಒಂದೂವರೆ ಪುಟದ ಆ ಹಾಳೆಯನ್ನು ಪುಸ್ತಕದಿಂದ ತೆಗೆದು ನನ್ನ ಮೇಜಿನ ಮೇಲೆ ಇಟ್ಟು ಹೋದಳು.