ಸದ್ದಿಲ್ಲದ ಸಾಲುಗಳು: ವಿಮಾನಯಾನದ ಒಂದು ಏರ್ಪಾಡಿನ ಪರಿಶೀಲನೆ

ವಿಮಾನದೊಳಗೆ ಅಳುವ, ಒದೆಯುವ, ನಡುದಾರಿಯಲ್ಲಿ ಓಡಾಡುವ ಮಕ್ಕಳನ್ನೂ ಅವರನ್ನು ಕಂಡೂ ಕಾಣದಂತಿರುವ ತಂದೆತಾಯಿಗಳನ್ನೂ ಹೇಗೆ ನಿಭಾಯಿಸಬೇಕೆಂಬ ಚರ್ಚೆ ಎಲ್ಲಿಂದ ಹೊರಟರೂ ಕೊನೆಗೆ 'ಕ್ವಯೆಟ್ ಝೋನ್' ಎಂಬ ಏರ್ಪಾಡಿನ ಬಳಿಗೆ ಬಂದು ನಿಲ್ಲುವುದು ಈಚಿನ ವರ್ಷಗಳ ರೂಢಿಯಾಗಿದೆ. ಗೊತ್ತುಪಡಿಸಿದ ವಯಸ್ಸಿಗಿಂತ ಚಿಕ್ಕವರಿಗೆ ವಿಮಾನದ ಕೆಲವು ಸಾಲುಗಳಲ್ಲಿ ಸೀಟು ಕೊಡದಿರುವ ಈ ಪದ್ಧತಿಯನ್ನು ಬೆಂಬಲಿಗರು ದಿಟ್ಟ ಸುಧಾರಣೆಯೆಂದು ಹೊಗಳಿದ್ದಾರೆ, ವಿರೋಧಿಗಳು ಮಕ್ಕಳಿಗೆ ಹಾಕಿದ ಬಹಿಷ್ಕಾರವೆಂದು ಜರೆದಿದ್ದಾರೆ. ಆದರೆ ಹೊಗಳಿಕೆಗಾಗಲಿ ಜರೆಯುವಿಕೆಗಾಗಲಿ ತಕ್ಕಷ್ಟು ಹುರುಳು ಅದರಲ್ಲಿಲ್ಲ.

ಇದರ ಚರಿತ್ರೆ ಚಿಕ್ಕದು ಮತ್ತು ಬಹುಮಟ್ಟಿಗೆ ಪರಿಚಿತವಾದದ್ದು. ಮಲೇಷ್ಯಾದ ಏರ್‌ಏಷ್ಯಾ ಎಕ್ಸ್ ಮತ್ತು ಸಿಂಗಪುರದ ಸ್ಕೂಟ್ ಕಂಪನಿಗಳು 2013ರಲ್ಲಿ ಇಂಥ ವಲಯಗಳನ್ನು ತೆರೆದವು. 2016ರಲ್ಲಿ ಇಂಡಿಗೋ ಅದೇ ದಾರಿ ಹಿಡಿಯಿತು. 2023ರಲ್ಲಿ ಕೊರೆಂಡನ್ ಎಂಬ ವಿಮಾನಯಾನ ಸಂಸ್ಥೆ ಆಮ್‌ಸ್ಟರ್‌ಡ್ಯಾಮ್‌ನಿಂದ ಕೆರಿಬಿಯನ್ನಿನ ಕುರಸಾವ್ ದ್ವೀಪಕ್ಕೆ ಹೋಗುವ ವಿಮಾನದಲ್ಲಿ 16 ವರ್ಷ ತುಂಬಿದವರಿಗಷ್ಟೇ ಮೀಸಲಾದ ಭಾಗವೊಂದನ್ನು ಹೆಚ್ಚಿನ ಶುಲ್ಕಕ್ಕೆ ಮಾರತೊಡಗಿತು.

ಇವುಗಳಲ್ಲಿ ಇಂಡಿಗೋದ ಏರ್ಪಾಡನ್ನು ಸಾಲುಸಾಲಾಗಿ ಪರೀಕ್ಷಿಸುವುದು ಪ್ರಯೋಜನಕರ, ಏಕೆಂದರೆ ಭಾರತದಲ್ಲಿ ಈ ಕುರಿತು ನಡೆದ ಎಲ್ಲ ವಾದಕ್ಕೂ ಅದೇ ಮೂಲವಾಗಿದ್ದರೂ ವಾದಿಸಿದವರಲ್ಲಿ ಹೆಚ್ಚಿನವರು ಸೀಟುಗಳ ನಕ್ಷೆಯನ್ನು ಎದುರಿಗಿಟ್ಟುಕೊಂಡಂತೆ ತೋರುವುದಿಲ್ಲ. ಆ ಸಂಸ್ಥೆಯು 1ರಿಂದ 4 ಮತ್ತು 11ರಿಂದ 14ರವರೆಗಿನ ಸಾಲುಗಳನ್ನು, ಕೆಲಸ ಮಾಡಿಕೊಂಡು ಪಯಣಿಸುವವರ ಅನುಕೂಲಕ್ಕೆಂದು, 12 ವರ್ಷದೊಳಗಿನ ಮಕ್ಕಳಿಗೆ ಕೊಡದೆ ಉಳಿಸಿಕೊಳ್ಳುವುದಾಗಿ ಹೇಳಿತು. ಅಂದಿನ 180 ಸೀಟುಗಳ ಏರ್‌ಬಸ್ ಎ320 ವಿಮಾನದಲ್ಲಿ ಇವು ಒಟ್ಟು ಎಂಟು ಸಾಲು. ಇವುಗಳಲ್ಲಿ 12 ಮತ್ತು 13ನೆಯವು ತುರ್ತು ನಿರ್ಗಮನದ ಸಾಲುಗಳು. ಅಪಾಯ ಒದಗಿದಾಗ ಭಾರದ ಬಾಗಿಲನ್ನು ತೆರೆಯಬೇಕಾದ ಜಾಗವಾದ್ದರಿಂದ ಅಲ್ಲಿ ಮಕ್ಕಳನ್ನು ಕೂರಿಸಲು ಸುರಕ್ಷತಾ ನಿಯಮವೇ ಬಿಡುವುದಿಲ್ಲ, ಅಂದರೆ ಹೊಸ ನೀತಿ ಅಲ್ಲಿ ಹೊಸದಾಗಿ ಮಾಡಿದ್ದು ಏನೂ ಇಲ್ಲ. ಇನ್ನು 4ನೆಯ ಸಾಲಿನವರ ಬೆನ್ನಿಗೆ 5ನೆಯ ಸಾಲಿನ ಮಗುವಿನ ಕಾಲೂ 14ನೆಯವರ ಬೆನ್ನಿಗೆ 15ನೆಯ ಸಾಲಿನ ಮಗುವಿನ ಕಾಲೂ ನಿರಾತಂಕವಾಗಿ ಎಟುಕುತ್ತವೆ. 11ನೆಯ ಸಾಲಿನವರ ಬೆನ್ನು ಸುರಕ್ಷಿತ, ಮುಖವಲ್ಲ, ಏಕೆಂದರೆ 10ನೆಯ ಸಾಲಿನ ಮಗು ಸೀಟಿನ ಮೇಲೆ ನಿಂತು ಹಿಂದಕ್ಕೆ ಇಣುಕುವುದನ್ನು ಯಾವ ನೀತಿಯೂ ತಡೆದಿಲ್ಲ. ಹೀಗೆ ಕಳೆಯುತ್ತ ಬಂದರೆ, ತುರ್ತು ನಿರ್ಗಮನದ ಸಾಲುಗಳನ್ನು ಬಿಟ್ಟು, ಒದೆತದಿಂದಲೂ ಇಣುಕಾಟದಿಂದಲೂ ಹೊಸದಾಗಿ ಬಿಡುಗಡೆ ಪಡೆದದ್ದು ಮೊದಲ ಮೂರು ಸಾಲು ಮಾತ್ರ.

ಇದು ಕಾಲಿನ ಲೆಕ್ಕವಾಯಿತು. ಕಿವಿಯ ಲೆಕ್ಕ ಇದಕ್ಕಿಂತ ಕಳಪೆ. ಎರಡು ಶಾಂತ ವಲಯಗಳ ನಡುವೆ 5ರಿಂದ 10ರವರೆಗೆ ಆರು ಸಾಲುಗಳನ್ನು ಕುಟುಂಬಗಳಿಗೆ ಬಿಟ್ಟಿರುವುದರಿಂದ, ಅಲ್ಲಿ ಹೊರಟ ಅಳು ಮುಂದಕ್ಕೂ ಹಿಂದಕ್ಕೂ ಏಕಕಾಲದಲ್ಲಿ ಶಾಂತ ವಲಯವನ್ನೇ ಹೊಗುತ್ತದೆ. ನಡುವೆ ಗೋಡೆಯಿಲ್ಲ, ಪರದೆಯೂ ಇಲ್ಲ. ಕೊರೆಂಡನ್ ತನ್ನ ಭಾಗವನ್ನು ಅಡ್ಡಗೋಡೆ ಮತ್ತು ಪರದೆಗಳಿಂದ ಬೇರ್ಪಡಿಸುವುದಾಗಿ ಹೇಳಿತೆಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಒಪ್ಪಿಕೊಳ್ಳಬೇಕು; ಅಷ್ಟರಮಟ್ಟಿಗೆ ಅದು ಮಾರಿದ್ದು ಒಂದು ವಸ್ತುವನ್ನೇ. ಗೋಡೆಯಿಲ್ಲದ ವಲಯವಾದರೋ ಹೊಗೆ ಬರಬಾರದೆಂದು ಒಲೆಯ ಸುತ್ತ ರಂಗೋಲಿ ಎಳೆದಂತೆ.

ವಯಸ್ಸಿನ ಗೆರೆಯೂ ಪ್ರಶ್ನಾರ್ಹವೇ. ಹನ್ನೆರಡೆಂಬ ಸಂಖ್ಯೆ ಬಂದದ್ದು ಮಕ್ಕಳ ಸ್ವಭಾವದ ಅಧ್ಯಯನದಿಂದ ಎಂದು ನಂಬಲು ಆಧಾರವಿಲ್ಲ. ಎರಡು ವರ್ಷದೊಳಗಿನವರು ಮಡಿಲಲ್ಲಿ ಕೂರುವ ಶಿಶುಗಳು, ಎರಡರಿಂದ ಹನ್ನೆರಡರವರೆಗಿನವರು ಮಕ್ಕಳು, ಅಲ್ಲಿಂದಾಚೆ ವಯಸ್ಕರು ಎಂಬ ವಿಂಗಡಣೆ ಟಿಕೆಟ್ ದರದ ಪಟ್ಟಿಯಲ್ಲಿ ಹಿಂದಿನಿಂದಲೂ ಇದೆ. ಈ ಗೆರೆ ಬೇರೆಬೇರೆ ಕಾರಣಗಳುಳ್ಳ ಎರಡು ಉಪದ್ರವಗಳನ್ನು ಒಂದೇ ಬುಟ್ಟಿಗೆ ಹಾಕುತ್ತದೆ. ಶಿಶುವಿನ ಅಳುವಿಗೆ ದೇಹವೇ ಕಾರಣವಾಗಿರುವುದುಂಟು: ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಿದ್ದು, ಇಳಿಯುವಾಗ ಅದು ಮತ್ತೆ ಏರುತ್ತದೆ, ಆಗ ಮಧ್ಯಕಿವಿಯನ್ನು ಗಂಟಲಿನ ಹಿಂಭಾಗಕ್ಕೆ ಜೋಡಿಸುವ ಯೂಸ್ಟೇಶಿಯನ್ ನಾಳ ಎಂಬ ಸಣ್ಣ ಕೊಳವೆ ತೆರೆದುಕೊಂಡು ಎರಡು ಬದಿಯ ಒತ್ತಡವನ್ನು ಸರಿದೂಗಿಸಬೇಕು, ಆದರೆ ಶಿಶುಗಳಲ್ಲಿ ಅದು ಕಿರಿದಾಗಿಯೂ ಹೆಚ್ಚು ಅಡ್ಡವಾಗಿಯೂ ಇರುವುದರಿಂದ ಕಿವಿ ನೋಯುತ್ತದೆ. ಹಾಲು ಕುಡಿಯುವಾಗಿನ ನುಂಗುವಿಕೆ ಆ ನಾಳವನ್ನು ತೆರೆಯುತ್ತದೆ. ಮಗು ಹೀಗೆ ಚೀರುವ ಹೊತ್ತಿಗೆ ಸೀಟ್‌ಬೆಲ್ಟಿನ ದೀಪ ಹತ್ತಿ ಗಗನಸಖಿಯರೂ ತಮ್ಮ ಜಾಗದಲ್ಲಿ ಬಿಗಿದುಕೊಂಡು ಕೂರಬೇಕಾಗುವುದರಿಂದ, ಇಳಿಯತೊಡಗುವ ಮೊದಲೇ ಹಾಲು ಕುಡಿಸಿರೆಂದು ತಾಯಿಯ ಕಿವಿಯಲ್ಲಿ ಒಂದು ಮಾತು ಹಾಕುವ ಸಿಬ್ಬಂದಿ ಮಾಡುವ ಉಪಕಾರವನ್ನು ಯಾವ ವಲಯವೂ ಮಾಡಲಾರದು. ಆರೇಳು ವರ್ಷದವನು ಮುಂದಿನ ಸೀಟಿಗೆ ಒದೆಯುವುದು ಇದಕ್ಕೆ ಪೂರ್ತಿ ಬೇರೆಯಾದ ಸಂಗತಿ; ಅಲ್ಲಿ ಕೆರಳಬೇಕಾದದ್ದು ಕಿವಿಯ ನಾಳದ ಮೇಲಲ್ಲ, ಪಕ್ಕದಲ್ಲಿ ಕೂತು ಫೋನ್ ನೋಡುತ್ತಿರುವ ತಂದೆಯ ಮೇಲೆ.

ವಿಮರ್ಶಕರು ಈ ವ್ಯತ್ಯಾಸವನ್ನು ಗಮನಿಸದೆ ಸಂಸ್ಕೃತಿಯ ಮಾತಿಗೆ ಹಾರಿದ್ದು ವಿಷಾದಕರ. ಮಕ್ಕಳನ್ನು ಪ್ರತ್ಯೇಕಿಸುವುದು ಪಶ್ಚಿಮದ ವ್ಯಕ್ತಿವಾದದ ಆಮದು, ತುಂಬಿದ ಮನೆಗಳ ನಾಡಿಗೆ ಒಗ್ಗದ್ದು ಎಂಬ ವಾದವನ್ನು ಒಂದು ಬಣ ಮುಂದಿಡುತ್ತದೆ. ಆದರೆ ಈ ಪದ್ಧತಿಗೆ ಹೆಸರು ತಂದುಕೊಟ್ಟ ಮೊದಲ ಕಂಪನಿಗಳು ಕ್ವಾಲಾಲಂಪುರ ಮತ್ತು ಸಿಂಗಪುರದವು. ಇದು ಏಷ್ಯಾದ ಅಗ್ಗದ ವಿಮಾನಯಾನದ ಕೂಸು, ಮತ್ತು ಅದರ ಹಿಂದಿರುವುದು ತತ್ತ್ವಕ್ಕಿಂತ ಹೆಚ್ಚಾಗಿ ಸೀಟಿನ ಆಯ್ಕೆಯನ್ನೂ ಬಿಡಿಯಾಗಿ ಮಾರುವ ವ್ಯಾಪಾರ. ಇನ್ನೊಂದು ಬಣ ಅಶಿಸ್ತಿನ ಮಕ್ಕಳ ಪೋಷಕರನ್ನೇ ಹಾರಾಟ ನಿಷೇಧದ ಪಟ್ಟಿಗೆ ಸೇರಿಸಬೇಕೆಂದು ಗುಡುಗುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2017ರಲ್ಲಿ ರೂಪಿಸಿದ ಆ ನಿಯಮದಲ್ಲಿ ದುರ್ವರ್ತನೆಗೆ ಮೂರು ಹಂತಗಳಿವೆ: ಬೈಗುಳದಂಥ ಮಾತಿನ ಕಿರುಕುಳಕ್ಕೆ ಮೂರು ತಿಂಗಳವರೆಗೆ, ಮೈಮುಟ್ಟುವ ದುರ್ವರ್ತನೆಗೆ ಆರು ತಿಂಗಳವರೆಗೆ, ಜೀವಕ್ಕೆ ಅಪಾಯ ತರುವಂಥದ್ದಕ್ಕೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು. ಸಿಬ್ಬಂದಿಯ ಮೇಲೆ ಕೂಗಾಡುವ ಪೋಷಕರಿಗೆ ಇದು ತಕ್ಕುದೇ. ಸುಮ್ಮನೆ ಕೂತು ಮಗುವನ್ನು ತಡೆಯದಿರುವುದು ಮಾತ್ರ ಈ ಮೂರರಲ್ಲಿ ಯಾವ ಹಂತಕ್ಕೂ ಇಳಿಯದು. ಅಕ್ಕಪಕ್ಕದವರಿಗೆ ಇಯರ್‌ಪ್ಲಗ್ಗು, ಮಿಠಾಯಿಗಳ ಪೊಟ್ಟಣ ಹಂಚುವ ತಾಯಂದಿರನ್ನು ಮೆಚ್ಚುವ ಮೂರನೆಯ ಬಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಳುವ ಮೊದಲೇ ಮಗುವಿನ ಪರವಾಗಿ ದಂಡ ತೆರಿಸುವ ಆ ಮೆಚ್ಚುಗೆಯಲ್ಲಿ, ತಂದೆಯ ಹೆಸರು ಅಪರೂಪಕ್ಕೂ ಬರುವುದಿಲ್ಲ.

ಗದ್ದಲದಲ್ಲಿ ಉಪೇಕ್ಷೆಗೊಳಗಾದವು ಎರಡು ಸಣ್ಣ ಕ್ರಮಗಳು. ಜಪಾನ್ ಏರ್‌ಲೈನ್ಸ್ ಎಂಟು ದಿನದಿಂದ ಎರಡು ವರ್ಷದವರೆಗಿನ ಶಿಶುಗಳು ಕೂರುವ ಸೀಟಿನ ಮೇಲೆ ಆಯ್ಕೆಯ ನಕ್ಷೆಯಲ್ಲಿ ಮಗುವಿನ ಗುರುತು ತೋರಿಸುತ್ತದೆ. ಯಾರನ್ನೂ ಹೊರಗಿಡದೆ, ದೂರ ಕೂರಬೇಕಾದವರು ದೂರ ಕೂರಲಿ ಎಂದು ಬಿಡುತ್ತದೆ, ಪ್ರವಾಸ ಕಂಪನಿಗಳ ಮೂಲಕ ಬಂದ ಟಿಕೆಟ್ಟುಗಳಲ್ಲಿ ಆ ಗುರುತು ತಪ್ಪಿಹೋಗಬಹುದಾದರೂ. ಭಾರತದ ಮಹಾನಿರ್ದೇಶನಾಲಯ ಏಪ್ರಿಲ್ 2024ರಲ್ಲಿ, 12 ವರ್ಷದವರೆಗಿನ ಮಕ್ಕಳಿಗೆ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್‌ನಲ್ಲಿ, ಪಯಣಿಸುವ ತಂದೆತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜತೆಗಾದರೂ ಸೀಟು ಕೊಡಬೇಕೆಂದು ವಿಮಾನಯಾನ ಸಂಸ್ಥೆಗಳಿಗೆ ಸೂಚಿಸಿತು. ಸೀಟಿನ ಆಯ್ಕೆಗೆ ಹಣ ತೆರದ ಕುಟುಂಬಗಳನ್ನು ತಂತ್ರಾಂಶವು ಚೆಲ್ಲಾಪಿಲ್ಲಿಯಾಗಿ ಹಂಚಿ, ಅಪರಿಚಿತರ ನಡುವೆ ಕೂತ ಮಗು ಅಳುವಂತೆ ಮಾಡಿ, ಅನಂತರ ಆ ಅಳುವಿನಿಂದ ದೂರವಿರುವ ಸೀಟನ್ನು ಬೇರೊಬ್ಬರಿಗೆ ಮಾರುವ ವಿಚಿತ್ರ ವ್ಯವಹಾರಕ್ಕೆ ಇದು ಹಾಕಿದ ತಡೆ. ಎಂಟು ಸಾಲುಗಳ ಶಾಂತ ವಲಯಕ್ಕೆ ಸಿಕ್ಕ ಪ್ರಚಾರದ ಕಾಲುಭಾಗವೂ ಅದಕ್ಕೆ ಸಿಗಲಿಲ್ಲ. ಆದರೆ ಆ ಸೂಚನೆಯಲ್ಲಿ ಪಕ್ಕದ ಸೀಟಿನ ಮಾತಿದೆ, ಮುಂದಿನ ಸೀಟಿನದಿಲ್ಲ. ಒದೆತ ಬೀಳುವುದು ಅಲ್ಲಿಗೆ. ತಂದೆತಾಯಿಗಳಿಬ್ಬರೂ ಜತೆಗಿದ್ದಾಗ ಒಬ್ಬರನ್ನು ಮಗುವಿನ ಪಕ್ಕದಲ್ಲಿಯೂ ಇನ್ನೊಬ್ಬರನ್ನು ಮಗುವಿನ ಮುಂದಿನ ಸೀಟಿನಲ್ಲಿಯೂ ಕೂರಿಸುವಂತೆ ಚೆಕ್-ಇನ್ ತಂತ್ರಾಂಶಕ್ಕೆ ಕಲಿಸಲು ಯಾವ ಸಂಸ್ಥೆಗೂ ಹೊಸ ಗೋಡೆಯಾಗಲಿ ಹೊಸ ಶುಲ್ಕವಾಗಲಿ ಬೇಕಾಗುವುದಿಲ್ಲ.